ಒಂದೇ ಋತು, ಹಲವು ಪಂಚಾಂಗ: ಶ್ರಾವಣ–ಭಾದ್ರಪದ ಕಾಲದ ಹಬ್ಬಗಳ ಸಮೀಕ್ಷೆ

ಆಗಸ್ಟ್ ಮೊದಲ ವಾರದಿಂದ ಸೆಪ್ಟೆಂಬರ್ ಕೊನೆಯವರೆಗಿನ ಸುಮಾರು ಎಂಟು ವಾರಗಳಲ್ಲಿ ಹಿಂದೂ, ಜೈನ, ಬೌದ್ಧ, ಪಾರಸಿ, ಯಹೂದಿ, ಕ್ರೈಸ್ತ ಪರಂಪರೆಗಳ ಪ್ರಮುಖ ಪರ್ವದಿನಗಳು ಒತ್ತೊತ್ತಾಗಿ ಬರುತ್ತವೆ. ಕೆಲವು ವರ್ಷಗಳಲ್ಲಿ ಇಸ್ಲಾಮಿನ ಬಕ್ರೀದ್, ಮೊಹರಂ ಅಥವಾ ಈದ್ ಮಿಲಾದ್ ಕೂಡ ಈ ಸಾಲಿಗೆ ಸೇರಿಕೊಳ್ಳುತ್ತವೆ. ಯುರೋಪಿನಲ್ಲೂ ಪಶ್ಚಿಮ ಏಷ್ಯಾದಲ್ಲೂ ಇದು ಬೇಸಿಗೆ ಮುಗಿಯುತ್ತ ಬಂದ ಹೊತ್ತು. ಭಾರತದಲ್ಲಿ ಮಳೆಗಾಲದ ಉತ್ತರಾರ್ಧ, ಅಂದರೆ ಶ್ರಾವಣ ಮತ್ತು ಭಾದ್ರಪದ ಮಾಸಗಳ ಕಾಲ. ಈ ದಟ್ಟಣೆಗೆ ಸಾಮಾನ್ಯವಾಗಿ ಕೊಡುವ ವಿವರಣೆ ಬೇಸಾಯಕ್ಕೆ ಸಂಬಂಧಿಸಿದ್ದು: ಬೆಳೆ ಕೈಗೆ ಬರುವ ಕಾಲದಲ್ಲಿ ಮನುಷ್ಯರು ದೇವರಿಗೆ ಮೊದಲ ಪಾಲು ಎತ್ತಿಡುತ್ತಾರೆ, ಧರ್ಮಗಳು ಆ ಹಳೆಯ ರೂಢಿಗೆ ತಮ್ಮ ತಮ್ಮ ಕಥೆಯನ್ನು ಜೋಡಿಸಿಕೊಂಡಿವೆ ಎಂಬುದು ಅದರ ಸಾರ. ಈ ವಿವರಣೆ ಕೆಲವು ಹಬ್ಬಗಳಿಗೆ ಚೆನ್ನಾಗಿಯೇ ಹೊಂದುತ್ತದೆ. ಆದರೆ ಒಂದೊಂದು ಹಬ್ಬದ ದಿನ ಹೇಗೆ ನಿಗದಿಯಾಗುತ್ತದೆ ಎಂಬುದನ್ನು ಬಿಡಿಸಿ ನೋಡಿದರೆ, ಹೊಲಗದ್ದೆಗಿಂತ ಪಂಚಾಂಗದ ಲೆಕ್ಕವೇ ಹೆಚ್ಚಿನ ಕೆಲಸ ಮಾಡಿರುವುದು ಕಾಣುತ್ತದೆ.

ಲೆಕ್ಕದ ತೊಡಕು ಎಲ್ಲರಿಗೂ ಒಂದೇ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನವಾಗುವುದರಿಂದ ಹನ್ನೆರಡು ಚಾಂದ್ರಮಾಸಗಳು ಸೇರಿದರೆ 354 ದಿನವಾಗುತ್ತದೆ. ಸೂರ್ಯನ ವರ್ಷಕ್ಕೆ ಇದು ಸುಮಾರು 11 ದಿನ ಕಡಿಮೆ. ಈ ಕೊರತೆಯನ್ನು ತುಂಬದೆ ಬಿಟ್ಟರೆ ಹಬ್ಬವು ಪ್ರತಿ ವರ್ಷ ಹಿಂದೆ ಸರಿಯುತ್ತ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ತುಂಬಿದರೆ ಒಂದು ಋತುವಿನ ಆಸುಪಾಸಿನಲ್ಲಿಯೇ ತೂಗಾಡುತ್ತದೆ. ಹಿಂದೂ ಪಂಚಾಂಗಗಳು ಸುಮಾರು 33 ತಿಂಗಳಿಗೊಮ್ಮೆ ಅಧಿಕಮಾಸವನ್ನು ಸೇರಿಸಿ ಎರಡನೆಯ ದಾರಿಯನ್ನು ಹಿಡಿದಿವೆ. ಗಣೇಶ ಚೌತಿಯು 2023ರಲ್ಲಿ ಸೆಪ್ಟೆಂಬರ್ 18ಕ್ಕೆ, 2024ರಲ್ಲಿ ಸೆಪ್ಟೆಂಬರ್ 7ಕ್ಕೆ, 2025ರಲ್ಲಿ ಆಗಸ್ಟ್ 27ಕ್ಕೆ ಬಂದು, 2026ರಲ್ಲಿ ಅಧಿಕ ಜ್ಯೇಷ್ಠ ಬಂದ ಕಾರಣ ಮತ್ತೆ ಸೆಪ್ಟೆಂಬರ್ 14ಕ್ಕೆ ಹಾರುವುದು ಈ ತೂಗಾಟದ ಸ್ಪಷ್ಟ ಉದಾಹರಣೆ. ಯಹೂದಿಗಳು ಇದೇ ತತ್ತ್ವವನ್ನು ಇನ್ನಷ್ಟು ಕಟ್ಟುನಿಟ್ಟಿನ ಚಕ್ರದಲ್ಲಿ ಕೂರಿಸಿ, ಪ್ರತಿ 19 ವರ್ಷಗಳಲ್ಲಿ ಏಳು ಬಾರಿ ಅಧಿಕಮಾಸವನ್ನು ಸೇರಿಸುತ್ತಾರೆ. ಹೀಗಾಗಿ ಅವರ ವರ್ಷಾರಂಭವಾದ ರೋಶ್ ಹಶಾನಾ ಸೆಪ್ಟೆಂಬರ್ 5ಕ್ಕೂ ಅಕ್ಟೋಬರ್ 5ಕ್ಕೂ ನಡುವೆ ಬರುತ್ತದೆ. ಪಶ್ಚಿಮದ ಕ್ರೈಸ್ತ ಸಂಪ್ರದಾಯದಲ್ಲಿ ಈಸ್ಟರ್ ಮತ್ತು ಅದಕ್ಕೆ ಅಂಟಿಕೊಂಡ ದಿನಗಳನ್ನು ಬಿಟ್ಟರೆ ಹೆಚ್ಚಿನ ಹಬ್ಬಗಳು ಸೌರವರ್ಷದ ನಿಶ್ಚಿತ ದಿನಾಂಕಗಳಿಗೆ ಗಂಟುಬಿದ್ದಿರುವುದರಿಂದ, ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬಕ್ಕೆ ಆಗಸ್ಟ್ 15, ಆಕೆಯ ಜನನದ ಹಬ್ಬಕ್ಕೆ ಸೆಪ್ಟೆಂಬರ್ 8 ಎಂದು ಹೇಳಲು ಪಂಚಾಂಗವನ್ನು ತೆರೆಯಬೇಕಾಗಿಲ್ಲ.

ಇಸ್ಲಾಂ ಮೊದಲ ದಾರಿಯನ್ನು ತಿಳಿದೇ ಆರಿಸಿಕೊಂಡಿತು. ಇಸ್ಲಾಂಪೂರ್ವ ಅರೇಬಿಯಾದಲ್ಲಿ ತಿಂಗಳುಗಳನ್ನು ಮುಂದೂಡುವ ಪದ್ಧತಿಯಿತ್ತು. ಕುರ್‌ಆನಿನ ಒಂಬತ್ತನೆಯ ಅಧ್ಯಾಯ ಅದನ್ನು ನಿಷೇಧಿಸಿದ ಮೇಲೆ ಹಿಜರಿ ವರ್ಷ ಶುದ್ಧ ಚಾಂದ್ರಮಾನವಾಗಿ ಉಳಿಯಿತು, ಅದರ ಹಬ್ಬಗಳು ಸುಮಾರು 33 ವರ್ಷಗಳಲ್ಲಿ ಋತುಚಕ್ರವನ್ನು ಪೂರ್ತಿ ಸುತ್ತುವಂತಾಯಿತು. ಋತುವಿನೊಂದಿಗೆ ಸಂಬಂಧ ಕಡಿದುಕೊಂಡ ಹಬ್ಬ ನೆಲದೊಂದಿಗಿನ ಸಂಬಂಧವನ್ನೂ ಕಳೆದುಕೊಳ್ಳುತ್ತದೆ ಎಂದು ಊಹಿಸುವುದು ಸುಲಭ, ಆದರೆ ಉತ್ತರ ಕರ್ನಾಟಕದ ಮೊಹರಂ ಆ ಊಹೆಯನ್ನು ಒಪ್ಪುವುದಿಲ್ಲ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ನಡೆದ ಇಮಾಮ್ ಹುಸೇನರ ಬಲಿದಾನದ ಸ್ಮರಣೆಯಾದ ಈ ಆಚರಣೆಯಲ್ಲಿ, ರಾಯಚೂರು ಜಿಲ್ಲೆಯ ಮುದಗಲ್ ಮೊದಲಾದ ಊರುಗಳಲ್ಲಿ ಹಿಂದೂಗಳೂ ಪಂಜಾಗಳಿಗೆ ಹರಕೆ ಹೊರುತ್ತಾರೆ, ಕನ್ನಡದಲ್ಲೇ ರಿವಾಯತ್ ಪದಗಳನ್ನು ಹಾಡುತ್ತಾರೆ, ಹೆಜ್ಜೆಮೇಳ ಕಟ್ಟುತ್ತಾರೆ. 2020ರಲ್ಲಿ ಆಗಸ್ಟ್ ಕೊನೆಯಲ್ಲಿ ಬಂದ ಮೊಹರಂ ಕೆಲವೇ ವರ್ಷಗಳಲ್ಲಿ ಮುಂಗಾರಿನ ಆರಂಭಕ್ಕೆ ಸರಿದಿದೆ, ಮುಂದೆ ಬೇಸಿಗೆಗೂ ಚಳಿಗಾಲಕ್ಕೂ ಸರಿಯಲಿದೆ. ಹರಕೆಯ ಹಾದಿ ಮಾತ್ರ ಬದಲಾಗಿಲ್ಲ. ಬೆಳೆಯ ಆಸರೆಯಿಲ್ಲದೆಯೂ ಹಬ್ಬವೊಂದು ಹಳ್ಳಿಯ ಹಬ್ಬವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇಸ್ಲಾಂ ಉದ್ದೇಶಪೂರ್ವಕವಾಗಿ ಬಿಟ್ಟ ಋತುವನ್ನು ಭಾರತದ ಪಾರಸಿಗಳು ಲೆಕ್ಕ ತಪ್ಪಿ ಬಿಟ್ಟರು ಎನ್ನಬೇಕು, ಮತ್ತು ಈ ಸಮೀಕ್ಷೆಯಲ್ಲಿ ಅತ್ಯಂತ ಕುತೂಹಲದ ಪ್ರಕರಣ ಅವರದ್ದೇ. ಜರತುಷ್ಟ್ರನ ಅನುಯಾಯಿಗಳ ನವರೋಜ್, ಅಂದರೆ ಹೊಸ ವರ್ಷದ ದಿನ, ಇರಾನಿನಲ್ಲಿ ವಸಂತದ ಮೊದಲ ದಿನದ ಹಬ್ಬ. ಇಂದಿಗೂ ಅಲ್ಲಿ ಅದು ಮಾರ್ಚ್ 21ರ ಸುಮಾರಿಗೆ ನಡೆಯುತ್ತದೆ. ಪಾರಸಿಗಳ ಸಾಂಪ್ರದಾಯಿಕ ಪಂಚಾಂಗದಲ್ಲಿ ತಲಾ 30 ದಿನಗಳ ಹನ್ನೆರಡು ತಿಂಗಳು ಮತ್ತು ಕೊನೆಗೆ ‘ಗಾಥಾ’ ಎಂದು ಕರೆಯುವ ಐದು ಹೆಚ್ಚುವರಿ ದಿನಗಳು ಸೇರಿ ಸರಿಯಾಗಿ 365 ದಿನಗಳಿರುತ್ತವೆ, ನಾಲ್ಕು ವರ್ಷಕ್ಕೊಮ್ಮೆ ಸೇರಬೇಕಾದ ಒಂದು ದಿನ ಮಾತ್ರ ಸೇರುವುದಿಲ್ಲ. ಶತಮಾನಗಳ ಕಾಲ ಹೀಗೆ ಜಾರುತ್ತ ಬಂದ ವರ್ಷಾರಂಭ ಈಗ ಆಗಸ್ಟ್ ನಡುವಿಗೆ ಬಂದು ನಿಂತಿದೆ. ವಸಂತದ ಹಬ್ಬ ಮುಂಬಯಿಯ ಜಡಿಮಳೆಯಲ್ಲಿ ನಡೆಯುತ್ತದೆ. 18ನೆಯ ಶತಮಾನದಲ್ಲಿ ಇರಾನಿನ ಲೆಕ್ಕಕ್ಕೂ ಭಾರತದ ಲೆಕ್ಕಕ್ಕೂ ಒಂದು ತಿಂಗಳ ಅಂತರವಿರುವುದು ಗೊತ್ತಾದಾಗ, ಸೂರತ್ತಿನ ಕೆಲವರು 1745ರಲ್ಲಿ ಇರಾನಿನ ಕ್ರಮವನ್ನು ಒಪ್ಪಿಕೊಂಡು ‘ಕದ್ಮಿ’ ಎಂಬ ಬೇರೆ ಪಂಗಡವಾದರು, ಹಳೆಯ ಲೆಕ್ಕವನ್ನು ಬಿಡದವರು ‘ಶಾಹೆನ್‌ಶಾಹಿ’ಗಳೆನಿಸಿದರು, 20ನೆಯ ಶತಮಾನದ ಆರಂಭದಲ್ಲಿ ವಸಂತದ ನವರೋಜಿಗೆ ಮರಳಬೇಕೆಂದ ‘ಫಸ್ಲಿ’ ಪಂಗಡವೂ ಹುಟ್ಟಿತು. ದೇವತಾಸಿದ್ಧಾಂತದಲ್ಲಿ ಹೇಳಿಕೊಳ್ಳುವಂಥ ಭೇದವಿಲ್ಲದ ಒಂದು ಪುಟ್ಟ ಸಮುದಾಯ ದಿನಾಂಕದ ಕಾರಣಕ್ಕೆ ಮೂರಾಯಿತು. ಪ್ರಾರ್ಥನೆ ಯಾವ ದಿನದ ಹೆಸರಿನಲ್ಲಿ ಸಲ್ಲುತ್ತದೆ ಎಂಬುದು ಶ್ರದ್ಧಾವಂತನಿಗೆ ಪ್ರಾರ್ಥನೆಯಷ್ಟೇ ಮುಖ್ಯವೆಂಬುದನ್ನು ಮರೆತವರಿಗೆ ಮಾತ್ರ ಇದು ವಿಚಿತ್ರವಾಗಿ ಕಾಣಬಹುದು.

ಕರ್ನಾಟಕದೊಳಗೇ ಇಂಥ ಭಿನ್ನತೆಗೆ ಕೊರತೆಯಿಲ್ಲ. ಕರ್ನಾಟಕದಲ್ಲಿ ತಿಂಗಳು ಅಮಾವಾಸ್ಯೆಗೆ ಮುಗಿಯುವ ಅಮಾಂತ ಪದ್ಧತಿ ಬಳಕೆಯಲ್ಲಿರುವುದರಿಂದ ಕೃಷ್ಣ ಹುಟ್ಟಿದ್ದು ಶ್ರಾವಣ ಬಹುಳ ಅಷ್ಟಮಿಯಂದು. ಹುಣ್ಣಿಮೆಗೆ ತಿಂಗಳು ಮುಗಿಸುವ ಉತ್ತರ ಭಾರತದ ಪೂರ್ಣಿಮಾಂತ ಪದ್ಧತಿಯಲ್ಲಿ ಅದೇ ದಿನಕ್ಕೆ ಭಾದ್ರಪದ ಕೃಷ್ಣ ಅಷ್ಟಮಿ ಎಂದು ಹೆಸರು. ಇಲ್ಲಿ ಹೆಸರು ಬೇರೆಯಾದರೂ ದಿನ ಒಂದೇ. ಉಡುಪಿಯಲ್ಲಿ ದಿನವೇ ಬೇರೆಯಾಗುವುದುಂಟು: ಶ್ರೀಕೃಷ್ಣ ಮಠವು ಸೌರಮಾನವನ್ನು ಅನುಸರಿಸಿ, ಆಗಸ್ಟ್ 17ರ ಸುಮಾರಿಗೆ ಆರಂಭವಾಗಿ ಸೆಪ್ಟೆಂಬರ್ 16ರ ಸುಮಾರಿಗೆ ಮುಗಿಯುವ ಸಿಂಹಮಾಸದೊಳಗಿನ ಅಷ್ಟಮಿಯನ್ನೂ ರೋಹಿಣಿ ನಕ್ಷತ್ರವನ್ನೂ ನೋಡುತ್ತದೆ. ಹೀಗಾಗಿ 2025ರಲ್ಲಿ ನಾಡಿನ ಬಹುಪಾಲು ಕಡೆ ಆಗಸ್ಟ್ ನಡುವಿನಲ್ಲೇ ಮುಗಿದ ಕೃಷ್ಣಾಷ್ಟಮಿ ಉಡುಪಿಯಲ್ಲಿ ಸೆಪ್ಟೆಂಬರ್ 14ಕ್ಕೆ ನಡೆಯಿತು. ಹುಲಿವೇಷ, ಮೊಸರುಕುಡಿಕೆಗಳ ಸಂಭ್ರಮದ ವಿಟ್ಲಪಿಂಡಿ ಮರುದಿನ ನಡೆಯಿತು. ಸಿಂಹಮಾಸವನ್ನೇ ತುಳುವರು ಸೋಣ ಎನ್ನುತ್ತಾರೆ, ಮಲಯಾಳಿಗಳು ಚಿಂಗಂ ಎನ್ನುತ್ತಾರೆ; ಆ ತಿಂಗಳ ಶ್ರವಣ ನಕ್ಷತ್ರದ ದಿನ ಕೇರಳದ ತಿರುವೋಣಂ. ವರ್ಷಕ್ಕೊಮ್ಮೆ ತನ್ನ ಪ್ರಜೆಗಳನ್ನು ನೋಡಲು ಬರುವ ಮಹಾಬಲಿ ಕೇರಳಕ್ಕೆ ಈ ಓಣಂ ದಿನ ಬಂದರೆ, ಕರ್ನಾಟಕಕ್ಕೂ ತುಳುನಾಡಿಗೂ ದೀಪಾವಳಿಯ ಬಲಿಪಾಡ್ಯಮಿಗೆ ಬರುತ್ತಾನೆ. ಒಬ್ಬನೇ ಅರಸ, ಒಂದೇ ಕಥೆ, ನೆರೆಯ ಎರಡು ನಾಡು. ಆದರೂ ಬರವಿನ ನಡುವೆ ಸುಮಾರು ಎರಡು ತಿಂಗಳ ಅಂತರ.

ಮಳೆಯ ವಿಷಯಕ್ಕೆ ಬಂದರೆ, ಭಾರತದಲ್ಲಿ ಹುಟ್ಟಿದ ಧರ್ಮಗಳಿಗೆ ಈ ಋತು ಕೊಟ್ಟ ಅತ್ಯಂತ ದೊಡ್ಡ ಸಂಸ್ಥೆ ಹಬ್ಬಕ್ಕಿಂತ ಮೊದಲಿನದು: ಸಂನ್ಯಾಸಿಗಳು ಸಂಚಾರ ನಿಲ್ಲಿಸಿ ಒಂದೆಡೆ ನೆಲೆಸುವ ವರ್ಷಾವಾಸ. ಮಳೆಯಲ್ಲಿ ದಾರಿ ಕೆಡುತ್ತದೆ, ಹಸುರೂ ಹುಳುಹುಪ್ಪಟೆಯೂ ಹೆಚ್ಚುತ್ತವೆ, ನಡೆದರೆ ಜೀವಹಿಂಸೆಯಾಗುತ್ತದೆ ಎಂಬ ಕಾರಣಕ್ಕೆ ಜೈನ ಮುನಿಗಳೂ ಬೌದ್ಧ ಭಿಕ್ಷುಗಳೂ ಇದನ್ನು ನಿಯಮ ಮಾಡಿಕೊಂಡರು. ವೈದಿಕ ಯತಿಗಳ ಚಾತುರ್ಮಾಸ್ಯ ವ್ರತವೂ ಇದೇ ಜಾತಿಯದು. ತಿರುಗಾಡುವ ಗುರು ಮಳೆಗಾಲದಲ್ಲಿ ಒಂದೇ ಊರಿನಲ್ಲಿ ಸಿಗುತ್ತಾನೆಂದಾಗ ಗೃಹಸ್ಥರ ಉಪವಾಸ, ಶಾಸ್ತ್ರಶ್ರವಣ, ದಾನಗಳು ಆ ತಿಂಗಳುಗಳಲ್ಲೇ ಒಟ್ಟುಗೂಡುವುದು ಸಹಜ. ಜೈನರ ಪರ್ಯುಷಣ ಪರ್ವ ಹೀಗೆ ಬೆಳೆದದ್ದು. ಶ್ವೇತಾಂಬರರಲ್ಲಿ ಇದು ಭಾದ್ರಪದ ಶುಕ್ಲ ಚತುರ್ಥಿ ಅಥವಾ ಪಂಚಮಿಯ ಸಂವತ್ಸರಿಗೆ ಮುಗಿಯುವ ಎಂಟು ದಿನ. ಕರ್ನಾಟಕದಲ್ಲಿ ಹೆಚ್ಚಾಗಿರುವ ದಿಗಂಬರರಲ್ಲಿ ಪಂಚಮಿಗೆ ಆರಂಭವಾಗಿ ಅನಂತ ಚತುರ್ದಶಿಗೆ ಮುಗಿಯುವ ಹತ್ತು ದಿನಗಳ ದಶಲಕ್ಷಣ ಪರ್ವ. ಉತ್ತಮ ಕ್ಷಮೆಯಿಂದ ಬ್ರಹ್ಮಚರ್ಯದವರೆಗಿನ ಹತ್ತು ಧರ್ಮಗಳಿಗೆ ದಿನಕ್ಕೊಂದರಂತೆ ಚಿಂತನೆ ನಡೆಯುತ್ತದೆ, ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳ ಪಾರಾಯಣವಾಗುತ್ತದೆ, ಕೊನೆಯ ದಿನ ಅನಂತ ನೋಂಪಿ ನಡೆಯುತ್ತದೆ. ನೋಂಪಿ ಎಂದರೆ ಕನ್ನಡ ಜೈನರಲ್ಲಿ ಕಥೆಯೊಂದಿಗೆ ಆಚರಿಸುವ ವ್ರತ. ಅದೇ ಚತುರ್ದಶಿಯಂದು ಹಿಂದೂ ಮನೆಗಳಲ್ಲಿ ಅನಂತ ಪದ್ಮನಾಭ ವ್ರತವಿರುವುದು, ಹತ್ತು ದಿನ ಕೂರಿಸಿದ ಗಣಪತಿಯ ವಿಸರ್ಜನೆಯೂ ಅಂದೇ ಆಗುವುದು ಎರಡೂ ಪರಂಪರೆಗಳು ಒಂದೇ ತಿಥಿಪಟ್ಟಿಯ ಮೇಲೆ ಬೆಳೆದವೆಂಬುದಕ್ಕೆ ಸಾಕ್ಷಿ. ಚತುರ್ಥಿ–ಪಂಚಮಿಗಳ ಭೇದಕ್ಕೆ ಶ್ವೇತಾಂಬರರು ಹೇಳುವ ಐತಿಹ್ಯವೂ ಇದನ್ನೇ ಸೂಚಿಸುತ್ತದೆ: ಪ್ರತಿಷ್ಠಾನ ನಗರದಲ್ಲಿ, ಅಂದರೆ ಇಂದಿನ ಪೈಠಣದಲ್ಲಿ, ಸಾತವಾಹನ ಅರಸನ ಇಂದ್ರೋತ್ಸವ ಪಂಚಮಿಯಂದೇ ಬಿದ್ದ ಕಾರಣ ಕಾಲಕಾಚಾರ್ಯರು ಸಂವತ್ಸರಿಯನ್ನು ಒಂದು ದಿನ ಮುಂಚೆ ಆಚರಿಸಿದರಂತೆ.

ಬೌದ್ಧರ ವರ್ಷಾವಾಸ ಭಾರತದ ಹೊರಗೆ ಹೋದಾಗ ಆದದ್ದು ಇನ್ನೂ ಸ್ವಾರಸ್ಯಕರ. ಥೇರವಾದಿ ದೇಶಗಳಲ್ಲಿ ಅದು ಆಷಾಢ ಹುಣ್ಣಿಮೆಯ ಮರುದಿನ ಆರಂಭವಾಗಿ ಮೂರು ತಿಂಗಳು ನಡೆಯುತ್ತದೆ. ಚೀನಾಕ್ಕೆ ಹೋದ ಅದೇ ನಿಯಮ ಅಲ್ಲಿನ ನಾಲ್ಕನೆಯ ತಿಂಗಳ ನಡುವಿನಿಂದ ಏಳನೆಯ ತಿಂಗಳ ಹುಣ್ಣಿಮೆಯವರೆಗಿನ ಬೇಸಿಗೆಯ ವಾಸವಾಯಿತು. ವಾಸ ಮುಗಿಸಿದ ಭಿಕ್ಷುಗಳಿಗೆ ಅನ್ನ ನೀಡಿದರೆ ಪ್ರೇತಲೋಕದಲ್ಲಿ ಹಸಿದಿರುವ ತಾಯಿಗೆ ಬಿಡುಗಡೆಯಾಗುತ್ತದೆ ಎಂದು ಬುದ್ಧನು ಶಿಷ್ಯ ಮೌದ್ಗಲ್ಯಾಯನನಿಗೆ ಹೇಳಿದನೆಂಬ ಉಲ್ಲಂಬನ ಸೂತ್ರದ ಕಥೆ ಆ ಹುಣ್ಣಿಮೆಯನ್ನು ಪಿತೃಗಳ ಹಬ್ಬವನ್ನಾಗಿಸಿತು. ಜಪಾನಿನಲ್ಲಿ ಅದು ‘ಓಬೊನ್’ ಆಯಿತು. ಜಪಾನ್ 1873ರ ಜನವರಿ 1ರಿಂದ ಗ್ರೆಗೋರಿಯನ್ ಕ್ಯಾಲೆಂಡರನ್ನು ಒಪ್ಪಿಕೊಂಡ ಮೇಲೆ ಈ ಹಬ್ಬ ಮೂರು ಹೋಳಾಯಿತು: ಟೋಕಿಯೊ ಹೊಸ ಲೆಕ್ಕದ ಏಳನೆಯ ತಿಂಗಳೆಂದು ಜುಲೈ ನಡುವಿಗೆ ಹೋಯಿತು, ಓಕಿನಾವಾ ಹಳೆಯ ಚಾಂದ್ರ ಲೆಕ್ಕದಲ್ಲಿ ಉಳಿಯಿತು, ದೇಶದ ಹೆಚ್ಚಿನ ಭಾಗ ಒಂದು ತಿಂಗಳು ತಡಮಾಡಿ ಆಗಸ್ಟ್ 13ರಿಂದ 16ರವರೆಗೆ ಎಂದು ರಾಜಿ ಮಾಡಿಕೊಂಡಿತು. 16ರ ರಾತ್ರಿ ಕ್ಯೋಟೊ ನಗರದ ಸುತ್ತಲಿನ ಐದು ಬೆಟ್ಟಗಳ ಮೇಲೆ ಬೆಂಕಿ ಹೊತ್ತಿಸಿ ಪಿತೃಗಳನ್ನು ಬೀಳ್ಕೊಡುತ್ತಾರೆ.

ಸತ್ತವರು ಮನೆಗೆ ಬರುವ ಕಾಲ ಇದು ಎಂಬ ನಂಬಿಕೆ ಹಿಂದೂ ಮತ್ತು ಪಾರಸಿ ಆಚರಣೆಗಳಲ್ಲೂ ಇದೆ. ಭಾದ್ರಪದ ಬಹುಳದ ಹದಿನೈದು ದಿನ ಪಿತೃಪಕ್ಷ, ಅದರ ಕೊನೆ ಮಹಾಲಯ ಅಮಾವಾಸ್ಯೆ. ಪಾರಸಿಗಳು ನವರೋಜಿಗೆ ಮುಂಚಿನ ಹತ್ತು ದಿನ ‘ಮುಕ್ತಾದ್’ ಆಚರಿಸಿ, ಅಗಲಿದವರ ‘ಫ್ರವಶಿ’ಗಳು, ಅಂದರೆ ಅವರ ಚೇತನಗಳು, ಬಂದು ಹೋಗುತ್ತವೆಂದು ನಂಬಿ ಲೋಹದ ಹೂದಾನಿಗಳಲ್ಲಿ ಹೂವಿಟ್ಟು ಪ್ರಾರ್ಥಿಸುತ್ತಾರೆ. ಮೂರು ಆಚರಣೆಗಳ ಹೋಲಿಕೆ ಎದ್ದು ಕಾಣುವಂಥದ್ದು. ಮಳೆಗಾಲದ ಕತ್ತಲೆಗೂ ಪಿತೃಗಳಿಗೂ ನಂಟು ಕಲ್ಪಿಸಿ ಬರೆಯುವುದು ಆಕರ್ಷಕವೂ ಹೌದು. ಆದರೆ ಓಬೊನ್ ಸುಡುಬೇಸಿಗೆಯದು, ಮುಕ್ತಾದ್ ಮೂಲತಃ ಚಳಿಗಾಲ ಕಳೆದು ವಸಂತ ಬರುವ ಮುನ್ನದ್ದು. ಅದು ಪಿತೃಪಕ್ಷದ ನೆರೆಗೆ ಬಂದು ಕೂತದ್ದು ಅಧಿಕದಿನದ ಲೆಕ್ಕ ಬಿಟ್ಟುಹೋದದ್ದರಿಂದ. ಹಬ್ಬಗಳ ತೌಲನಿಕ ಅಧ್ಯಯನದಲ್ಲಿ ಇಂಥ ಆಕಸ್ಮಿಕ ನೆರೆಹೊರೆಯನ್ನು ರಕ್ತಸಂಬಂಧವೆಂದು ಭಾವಿಸಿ ಮೋಸಹೋಗುವ ಅಪಾಯ ಯಾವಾಗಲೂ ಇರುತ್ತದೆ.

ಯಹೂದಿಗಳ ಈ ಋತು ಶೋಕದಿಂದ ಪಶ್ಚಾತ್ತಾಪಕ್ಕೆ ನಡೆಯುವ ಪಯಣ. ಆವ್ ತಿಂಗಳ ಒಂಬತ್ತನೆಯ ದಿನ ಜೆರುಸಲೇಮಿನ ಎರಡೂ ದೇವಾಲಯಗಳ ನಾಶದ ನೆನಪಿಗೆ ಕಠಿಣ ಉಪವಾಸ; ಬಳಿಕ ಏಳು ವಾರ ಸಾಂತ್ವನದ ಪ್ರವಾದಿವಾಕ್ಯಗಳ ಪಾಠ; ಎಲೂಲ್ ತಿಂಗಳಲ್ಲಿ ಟಗರಿನ ಕೊಂಬಿನಿಂದ ಮಾಡಿದ ಶೋಫಾರ್ ಊದುತ್ತ ಆತ್ಮಪರೀಕ್ಷೆ; ಅನಂತರ ರೋಶ್ ಹಶಾನಾ, ಅದಾದ ಹತ್ತನೆಯ ದಿನ ಪ್ರಾಯಶ್ಚಿತ್ತದ ಯೋಮ್ ಕಿಪ್ಪುರ್. ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪು ಆ ಮನುಷ್ಯನನ್ನು ಸಮಾಧಾನಪಡಿಸದ ಹೊರತು ಯೋಮ್ ಕಿಪ್ಪುರ್ ಉಪವಾಸದಿಂದ ಕಳೆಯುವುದಿಲ್ಲ ಎಂಬುದು ಮಿಶ್ನಾ ಎಂಬ ಧರ್ಮಸಂಹಿತೆಯ ನಿಲುವು. ಸಂವತ್ಸರಿಯಂದು ಬಂಧುಗಳಿಂದ ಹಿಡಿದು ಶತ್ರುಗಳವರೆಗೆ ಎಲ್ಲರ ಕ್ಷಮೆ ಕೇಳುವ ಜೈನರ ಪದ್ಧತಿ ಇದರ ಪಕ್ಕದಲ್ಲಿಯೇ ನಿಲ್ಲುತ್ತದೆ. ಭೇದವೆಂದರೆ, ಯಹೂದಿಗೆ ಆ ಬಳಿಕ ತೀರ್ಪು ಕೊಡುವ ದೇವರಿದ್ದಾನೆ. ಜೈನನಿಗೆ ಹಾಗೆ ತೀರ್ಪು ಕೊಡುವವರು ಯಾರೂ ಇಲ್ಲ, ಅಂಟಿಕೊಂಡ ಕರ್ಮವನ್ನು ಅವನೇ ಕಳೆಯಬೇಕು.

ಇನ್ನು ಬೇಸಾಯದ ವಿವರಣೆ ನಿಜಕ್ಕೂ ಸಲ್ಲುವ ಹಬ್ಬಗಳು. ಬೈಜಾಂಟೈನ್ ಚಕ್ರವರ್ತಿ ಮಾರಿಸ್ 6ನೆಯ ಶತಮಾನದ ಕೊನೆಗೆ ಆಗಸ್ಟ್ 15ಕ್ಕೆ ನಿಲ್ಲಿಸಿದ ಮರಿಯಳ ಹಬ್ಬ, 1950ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರಿಂದ ಸ್ವರ್ಗಾರೋಹಣದ ಅಧಿಕೃತ ಸಿದ್ಧಾಂತದ ಬಲವನ್ನು ಪಡೆಯುವುದಕ್ಕೆ ಬಹಳ ಮೊದಲೇ ರೈತರ ಹಬ್ಬವಾಗಿತ್ತು: ಪೋಲೆಂಡಿನಲ್ಲಿ ಗಿಡಮೂಲಿಕೆ ಮತ್ತು ತೆನೆಗಳ ಕಟ್ಟು, ಆರ್ಮೇನಿಯನ್ನರಲ್ಲಿ ವರ್ಷದ ಮೊದಲ ದ್ರಾಕ್ಷಿ, ರಷ್ಯದಲ್ಲಿ ಅದೇ ತಿಂಗಳ ರೂಪಾಂತರದ ಹಬ್ಬಕ್ಕೆ ಸೇಬು ಇಗರ್ಜಿಗೆ ಬರುತ್ತವೆ. ಮಂಗಳೂರು ಸೀಮೆಯ ಕೊಂಕಣಿ ಕ್ರೈಸ್ತರ ಮೊಂತಿ ಫೆಸ್ತ್ ಸೆಪ್ಟೆಂಬರ್ 8ರದು. ಪ್ರಚಲಿತ ಇತಿಹಾಸದ ಪ್ರಕಾರ 1763ರಲ್ಲಿ ಫರಂಗಿಪೇಟೆಯ ಮೋಂತೆ ಮರಿಯಾನೊ ಇಗರ್ಜಿಯಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂಡಾ ಇದನ್ನು ಆರಂಭಿಸಿದರು. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ತಂದ ಹೂಗಳನ್ನು ಬಾಲಮರಿಯಳ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿ ಆಶೀರ್ವದಿಸಿದ ಹೊಸ ಭತ್ತದ ತೆನೆಯನ್ನು ಪ್ರತಿ ಕುಟುಂಬವೂ ಮನೆಗೆ ಒಯ್ದು, ಕಾಳು ಸುಲಿದು ಹಾಲಿಗೆ ಬೆರೆಸಿ ‘ನವೆಂ’ ಎಂದು ಎಲ್ಲರೂ ಸೇವಿಸಿ, ಆ ಬಳಿಕ ಬೆಸ ಸಂಖ್ಯೆಯ ತರಕಾರಿ ಪದಾರ್ಥಗಳ ಊಟಕ್ಕೆ ಕೂರುತ್ತಾರೆ. ಕರಾವಳಿಯ ಹಿಂದೂ ಮನೆಗಳಲ್ಲಿ ಹೊಸ ತೆನೆಯನ್ನು ಬಾಗಿಲಿಗೆ ಕಟ್ಟಿ ಹೊಸ ಅಕ್ಕಿಯ ಊಟ ಮಾಡುವ ಕ್ರಮದ ಪಕ್ಕದಲ್ಲಿ ಇದನ್ನು ಇಟ್ಟರೆ, ಮತ ಬದಲಾದರೂ ಗದ್ದೆಯ ನಡವಳಿಕೆ ಬದಲಾಗಲಿಲ್ಲವೆಂಬುದು ತಿಳಿಯುತ್ತದೆ.

ಕರಾವಳಿಯಿಂದ ಘಟ್ಟ ಹತ್ತಿದೊಡನೆ ಮಾತ್ರ ಸುಗ್ಗಿಯ ವಾದ ಸೊರಗುತ್ತದೆ. ಕೊಡಗಿನಲ್ಲಿ ಸೆಪ್ಟೆಂಬರ್ 3ರ ಸುಮಾರಿಗೆ ನಡೆಯುವ ಕೈಲ್ ಪೊಳ್ದ್ ನಾಟಿ ಮುಗಿದ ಮೇಲಿನ ಆಯುಧಪೂಜೆ; ಕದಿರು ತೆಗೆಯುವ ಪುತ್ತರಿಗೆ ಅಲ್ಲಿಂದ ಇನ್ನೂ ಮೂರು ತಿಂಗಳಾಗಬೇಕು. ಬಯಲುಸೀಮೆಯಲ್ಲಿ ಗೌರಿ–ಗಣೇಶ ಹಬ್ಬದ ಹೊತ್ತಿಗೆ ರಾಗಿ ಇನ್ನೂ ಹಸಿರು. ಅಲ್ಲಿ ಕಾಡುವುದು ಮಳೆ ಕೈಕೊಟ್ಟೀತೆಂಬ ಚಿಂತೆ. ಆ ಚಿಂತೆಯ ದೇವರನ್ನು ಶಾಸ್ತ್ರಗ್ರಂಥಗಳಲ್ಲಿ ಹುಡುಕಿ ಫಲವಿಲ್ಲ. ಉತ್ತರ ಕರ್ನಾಟಕದಲ್ಲಿ ಭಾದ್ರಪದ ಶುಕ್ಲ ಅಷ್ಟಮಿಗೆ ಹುಟ್ಟಿ, ಹೆಂಗಸರ ತಲೆಯ ಮೇಲಿನ ಬುಟ್ಟಿಯಲ್ಲಿ ಬೇವಿನ ಸೊಪ್ಪಿನ ನಡುವೆ ಕೂತು ಮನೆಮನೆ ತಿರುಗಿ, ಏಳು ದಿನಕ್ಕೆ ಸಾಯುವ ಜೋಕುಮಾರನೇ ಆ ದೇವರು. ಗಣಪ ಉಂಡು ಹೋಗಿ ಭೂಲೋಕ ಸುಭಿಕ್ಷವೆಂದು ಹೇಳಿದರೆ, ಜೋಕುಮಾರ ಹೋಗಿ ನಿಜಸ್ಥಿತಿ ಹೇಳಿ ಮಳೆ ತರಿಸುತ್ತಾನೆಂಬುದು ಜನರ ನಂಬಿಕೆ. ಇಥಿಯೋಪಿಯಾದಲ್ಲಿ ಇದಕ್ಕೆ ವಿರುದ್ಧ ಸ್ಥಿತಿ: ಅಲ್ಲಿ ಜೂನ್‌ನಿಂದ ಸುರಿದ ದೊಡ್ಡ ಮಳೆ ಹಿಂದೆಗೆದು ಹಳದಿ ಹೂವು ಅರಳುವ ಸೆಪ್ಟೆಂಬರ್ 11ಕ್ಕೆ ಹೊಸ ವರ್ಷ ‘ಎಂಕುತಾತಾಶ್’ ಬರುತ್ತದೆ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರ ವರ್ಷಾರಂಭವೂ ಅಂದೇ. ಅವರ ಶಕೆ ಡಯೊಕ್ಲೀಷಿಯನ್ ಚಕ್ರವರ್ತಿ ಪಟ್ಟವೇರಿದ ಕ್ರಿ.ಶ. 284ರಿಂದ ಮೊದಲಾಗುತ್ತದೆ, ಆತ ಕ್ರೈಸ್ತರಿಗೆ ಕೊಟ್ಟ ಹಿಂಸೆಯ ನೆನಪಿಗೆ ಅದನ್ನು ಹುತಾತ್ಮರ ಶಕೆ ಎನ್ನುತ್ತಾರೆ.

ಇಷ್ಟು ಪಂಚಾಂಗಗಳು ಒಂದೇ ಬೀದಿಯಲ್ಲಿ ಎದುರಾದಾಗ ನಿರ್ಣಯ ಪುರೋಹಿತರ ಕೈ ಮೀರಿ ಆಡಳಿತದ, ನ್ಯಾಯಾಲಯದ ಕೈಗೆ ಹೋಗುತ್ತದೆ. ಪರ್ಯುಷಣದ ಸಮಯದಲ್ಲಿ ಒಂಬತ್ತು ದಿನ ಅಹಮದಾಬಾದಿನ ಕಸಾಯಿಖಾನೆಗಳನ್ನು ಮುಚ್ಚಿಸಿದ ನಗರಪಾಲಿಕೆಯ ಕ್ರಮವನ್ನು ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿಯಿತು. ಅಲ್ಪಕಾಲದ ನಿರ್ಬಂಧ ಮಾಂಸ ವ್ಯಾಪಾರಿಗಳ ವೃತ್ತಿಸ್ವಾತಂತ್ರ್ಯಕ್ಕೆ ಅಸಮಂಜಸ ಅಡ್ಡಿಯಲ್ಲ ಎಂಬುದು ಅದರ ತರ್ಕ. ಆ ದಿನಗಳ ಸಂಪಾದನೆ ತಪ್ಪಿದವರ ದೃಷ್ಟಿಯಿಂದ ಈ ತರ್ಕ ಅಷ್ಟು ಸರಾಗವಾಗಿ ಕಾಣಲಾರದು. 2023ರ ಸೆಪ್ಟೆಂಬರ್ 28ರಂದು ಅನಂತ ಚತುರ್ದಶಿಯ ಗಣೇಶ ವಿಸರ್ಜನೆಯೂ ಈದ್ ಮಿಲಾದೂ ಒಂದೇ ದಿನ ಬಿದ್ದಾಗ, ಮುಂಬಯಿಯ ಮುಸ್ಲಿಂ ಮುಖಂಡರು ಮೆರವಣಿಗೆಯನ್ನು ಮರುದಿನಕ್ಕೆ ಹಾಕಿದರು, ಮಹಾರಾಷ್ಟ್ರ ಸರ್ಕಾರ ರಜೆಯನ್ನೂ ಮರುದಿನಕ್ಕೆ ಬದಲಿಸಿತು. ಕಾಲಕಾಚಾರ್ಯರ ಐತಿಹ್ಯದಲ್ಲಿ ನಡೆದ ಹೊಂದಾಣಿಕೆಗೂ ಇದಕ್ಕೂ ಸ್ವರೂಪದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ.

ಋತುವನ್ನು ಹಿಡಿದಿಟ್ಟಿದ್ದೇವೆಂದು ನಂಬಿದ ಪಂಚಾಂಗಗಳೂ ನಿಂತಲ್ಲಿ ನಿಂತಿಲ್ಲ. ಜೂಲಿಯನ್ ಲೆಕ್ಕವನ್ನು ಬಿಡದ ರಷ್ಯ ಮೊದಲಾದ ಕಡೆಯ ಪೂರ್ವ ಕ್ರೈಸ್ತರಿಗೆ ಮರಿಯಳ ಹಬ್ಬ ಈಗ ಆಗಸ್ಟ್ 28ಕ್ಕೆ ಬರುತ್ತದೆ, 2100ರಿಂದ 29ಕ್ಕೆ ಸರಿಯುತ್ತದೆ. 2024ರಲ್ಲಿ ಆಗಸ್ಟ್ 15ಕ್ಕೆ ಬಂದ ಶಾಹೆನ್‌ಶಾಹಿ ನವರೋಜ್ ಲೆಕ್ಕ ಹೀಗೆಯೇ ಮುಂದುವರಿದರೆ 2084ರಲ್ಲಿ ಜುಲೈ 31ಕ್ಕೆ ಸರಿದು ಆಗಸ್ಟನ್ನೇ ಬಿಟ್ಟುಹೋಗುತ್ತದೆ. ಹಿಂದೂ ಪಂಚಾಂಗಗಳು ನಕ್ಷತ್ರಗಳಿಗೆ ಹೋಲಿಸಿ ಸೂರ್ಯನ ಸುತ್ತನ್ನು ಅಳೆಯುವ ನಿರಯನ ವರ್ಷವನ್ನು ಬಳಸುವುದರಿಂದ, ಅದು ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ಉದ್ದವಾಗಿ, ಎಪ್ಪತ್ತೆರಡು ವರ್ಷಕ್ಕೊಂದು ದಿನದಂತೆ ಹಬ್ಬಗಳು ಮುಂದೆ ಹೋಗುತ್ತಿವೆ. 1952ರಲ್ಲಿ ಭೌತವಿಜ್ಞಾನಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿ, ಸುಮಾರು 23 ದಿನಗಳ ವ್ಯತ್ಯಾಸ ಆಗಲೇ ಕೂಡಿಬಂದಿರುವುದನ್ನು ಗುರುತಿಸಿ, ಅದು ಇನ್ನಷ್ಟು ಬೆಳೆಯದಂತೆ ತಡೆಯಲು ಶಿಫಾರಸು ಮಾಡಿತು. ಅದರ ವರದಿಯ ಆಧಾರದ ಮೇಲೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗವೂ ಜಾರಿಗೆ ಬಂದಿತು. ರಾಜಪತ್ರದಲ್ಲಿ ಆ ದಿನಾಂಕ ಇಂದಿಗೂ ಅಚ್ಚಾಗುತ್ತದೆ. ಚೌತಿ ಎಂದು, ಮಹಾಲಯ ಎಂದು ಎಂಬುದನ್ನು ಮಾತ್ರ ಜನರು ಮನೆಯಲ್ಲಿ ತೂಗುಹಾಕಿದ ಹಳೆಯ ಲೆಕ್ಕದ ಕ್ಯಾಲೆಂಡರಿನಲ್ಲಿಯೇ ನೋಡಿಕೊಳ್ಳುತ್ತಾರೆ.